ಐದನೆಯ ತರಗತಿಯ ಕೊನೆಯ ಬೆಂಚು

ಗೋವಾದ ವಾಸ್ಕೋದಲ್ಲಿ, ಮಂಗೋರ್ ಹಿಲ್ ಗುಡ್ಡದ ಸಾರ್ವಜನಿಕ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ ಆ ಹುಡುಗಿಯನ್ನು ನಾನು ಮೊದಲು ಗುರುತು ಹಿಡಿಯಲಿಲ್ಲ. ಅವಳೇ ಮುಂದೆ ಬಂದು "ನಮಸ್ಕಾರ್ರೀ ಟೀಚರ್" ಅಂದಳು. ನೋಡಿದರೆ ನನ್ನದೇ ವಿದ್ಯಾರ್ಥಿನಿ. ಹಿಂದಿನ ಬೇಸಿಗೆಯಲ್ಲಷ್ಟೇ ನಮ್ಮ ಶಾಲೆಯ ನಾಲ್ಕನೆಯ ತರಗತಿ ಮುಗಿಸಿ ಹೋದವಳು. ಇಡೀ ತರಗತಿಯಲ್ಲಿ ಅವಳಷ್ಟು ಚಲೋ ಓದುವವರು ಇರಲಿಲ್ಲ. ದಿನಪತ್ರಿಕೆ ಕೊಟ್ಟರೂ ತಡವರಿಸದೆ ಓದುತ್ತಿದ್ದಳು.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಗೋವಾದಲ್ಲಿ ಹೈಸ್ಕೂಲು ಐದರಿಂದಲೇ ಶುರು, ಅವಳು ಅಲ್ಲಿ ಇರಬೇಕಾದ ಸಮಯ.

"ಸಾಲಿಗೆ ರಜಾ ಏನವಾ?" ಅಂತ ಕೇಳಿದೆ.

"ಇಲ್ರೀ. ನಾ ಬಿಟ್ಟೇನ್ರಿ."

ಮನೆಯಲ್ಲಿ ಏನಾದರೂ ತೊಂದರೆಯೋ, ತಾಯಿಗೆ ಹುಷಾರಿಲ್ಲವೋ ಅಂತ ವಿಚಾರಿಸಿದೆ. ಅವಳು ತಲೆ ಅಲ್ಲಾಡಿಸಿದಳು. ಕೊಡದ ಕಂಠವನ್ನು ಬೆರಳಿನಿಂದ ಉಜ್ಜುತ್ತ, ನನ್ನ ಕಡೆ ನೋಡದೆ ಹೇಳಿದಳು: "ಅಲ್ಲಿ ಏನ್ ಹೇಳ್ತಾರ ತಿಳಿಯಂಗಿಲ್ರೀ ಟೀಚರ್. ನಾ ದಡ್ಡಿ ಆಗೇನ್ರಿ."

ಅಷ್ಟರಲ್ಲಿ ಅವಳ ಸರದಿ ಬಂತು. ಹಿಂದಿನ ಹೆಂಗಸರು ಗದರಿದರು. ಅವಳು ಕೊಡ ತುಂಬಿಸಿಕೊಂಡು ಓಣಿಯ ಮೆಟ್ಟಿಲು ಹತ್ತಿ ಹೋದಳು. ನಾನು ಬ್ಯಾಂಕಿಗೆ ಹೊರಟಿದ್ದವಳು ಬ್ಯಾಂಕು ಮರೆತು ಹಾಗೇ ನಿಂತೆ. ದಡ್ಡಿ ಇದ್ದೇನಿ ಅಂದಿದ್ದರೆ ಸಮಾಧಾನ ಹೇಳಬಹುದಿತ್ತು. ದಡ್ಡಿ ಆಗೇನಿ ಅಂದಿದ್ದಳು. ನಮ್ಮಲ್ಲಿದ್ದಾಗ ಜಾಣೆ, ಅಲ್ಲಿಗೆ ಹೋದಮೇಲೆ ದಡ್ಡಿ. ಅದನ್ನು ಅವಳು ಎಷ್ಟು ಸರಿಯಾಗಿ ಲೆಕ್ಕ ಹಾಕಿದ್ದಳು ಅಂದರೆ ನನಗೆ ತಿದ್ದಲು ಏನೂ ಸಿಗಲಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗಿನ ಮಾತು. ವಾಸ್ಕೋದಲ್ಲಿ ನಮ್ಮ ಕಡೆಯ ಒಂದು ಸಮಿತಿ ನಡೆಸುತ್ತಿದ್ದ ಸಣ್ಣ ಕನ್ನಡ ಶಾಲೆ ನಮ್ಮದು. ಒಂದರಿಂದ ನಾಲ್ಕರವರೆಗೆ ತರಗತಿ. ಎರಡು ಕೋಣೆ, ಅವೂ ಬೇರೆಯವರವು. ಮುಂಜಾನೆ ಅಲ್ಲಿ ಅವರ ಬಾಲವಾಡಿ, ಮಧ್ಯಾಹ್ನದಿಂದ ನಮ್ಮ ಶಾಲೆ. ಒಂದು ಎರಡನೆಯ ತರಗತಿಯನ್ನು ನನಗಿಂತ ಹಿರಿಯರಾದ ಒಬ್ಬ ಮಾಸ್ತರರು ನೋಡುತ್ತಿದ್ದರು, ಮೂರು ನಾಲ್ಕು ನನ್ನ ಪಾಲು. ಮಕ್ಕಳೆಲ್ಲ ಬಂದರಿನಲ್ಲಿ, ಗಾರೆ ಕೆಲಸದಲ್ಲಿ, ವೆರ್ಣಾದ ಕಾರ್ಖಾನೆಗಳಲ್ಲಿ ದುಡಿಯುವ ವಿಜಾಪುರ, ಬಾಗಲಕೋಟೆ ಕಡೆಯವರ ಮಕ್ಕಳು. ನಾಲ್ಕು ಮುಗಿದ ಮೇಲೆ ಅವರು ಐದನೆಯದಕ್ಕೆ ಹೈಸ್ಕೂಲಿಗೆ ಹೋಗುತ್ತಿದ್ದರು. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ.

ಧಾರವಾಡದಿಂದ ನಾನು ಒಬ್ಬಳೇ ಬಂದಿದ್ದೆ. ಗುಡ್ಡದ ಕೆಳಗೆ ಒಂದು ಬಾಡಿಗೆ ಕೋಣೆ. ಸಂಜೆ ಶಾಲೆ ಬಿಟ್ಟಮೇಲೆ ಮರುದಿನ ಶಾಲೆ ತೆರೆಯುವವರೆಗೆ ನನ್ನ ಜೊತೆ ಮಾತಾಡುವವರು ಕಡಿಮೆ. ಹಾಗಾಗಿ ಆ ವಾರ ಸಂಜೆಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮನೆ ಹುಡುಕಿಕೊಂಡು ಗುಡ್ಡ ಹತ್ತುವುದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಲ್ಲಿ ಕೇಳಿದ್ದು. ನನ್ನ ಕೈಯಿಂದ ಹೋದ ಹಿಂದಿನ ಎರಡು ತಂಡದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದನೆಯದರಲ್ಲೇ ಶಾಲೆ ಬಿಟ್ಟಿದ್ದರು. ಒಬ್ಬನು ಹೋಟೆಲಿನಲ್ಲಿ ಇದ್ದ. ಇಬ್ಬರು ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿದ್ದರು. ತಾಯಂದಿರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕನ್ನಡ ಸಾಲಿ ತನಕ ಓದಿದ್ರಲ್ರೀ, ಸಾಕು, ಅಂದರು. ಅವರ ಕಣ್ಣಿಗೆ ನಮ್ಮ ಶಾಲೆ ರಸ್ತೆಯ ಕೊನೆ.

ನಲ್ಲಿಯ ಹುಡುಗಿಯ ಮನೆಗೂ ಹೋದೆ. ಮಧ್ಯಾಹ್ನ ಬಂದು ನನ್ನ ತರಗತಿಯಲ್ಲಿ ಮತ್ತೆ ಕೂತುಕೋ, ಬರುವ ಜೂನ್‌ಗೆ ಮತ್ತೆ ಐದಕ್ಕೆ ಹಾಕೋಣ ಅಂದೆ. ಕೆಲವು ವಾರ ಬಂದಳು. ಸಣ್ಣ ಮಕ್ಕಳಿಗೆ ಕಾಗುಣಿತ ಹೇಳಿಕೊಡುತ್ತ ಖುಷಿಯಿಂದಲೇ ಇದ್ದಳು. ಆಮೇಲೆ ಅವಳ ಅಪ್ಪನಿಗೆ ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಸಂಸಾರ ಅಲ್ಲಿಗೆ ಹೋಯಿತು. ಹೋಗುವ ದಿನ ಹೇಳಿ ಹೋಗಲು ಬಂದಿದ್ದಳಂತೆ, ನಾನು ಇರಲಿಲ್ಲ. ಅವಳ ಸುದ್ದಿ ಮತ್ತೆ ನನಗೆ ಸಿಗಲಿಲ್ಲ.

ಮಕ್ಕಳಿಗೆ ಹೈಸ್ಕೂಲಿನಲ್ಲಿ ಏನು ತಿಳಿಯುವುದಿಲ್ಲ ಅನ್ನುವುದು ನನಗೆ ಗೊತ್ತಾಗಬೇಕಿತ್ತು. ಇಂಗ್ಲಿಷ್ ತಿಳಿಯುವುದಿಲ್ಲ ಅಂತ ಯಾರಾದರೂ ಹೇಳಿಯಾರು. ಆದರೆ ಇಂಗ್ಲಿಷಿನಲ್ಲಿ ಯಾವುದು? ನಾನೂ ಅವರಿಗೆ ಇಂಗ್ಲಿಷ್ ಒಂದು ವಿಷಯವಾಗಿ ಕಲಿಸಿದ್ದೆ. ಎ ಬಿ ಸಿ ಬರೆಯುತ್ತಿದ್ದರು, ಹಣ್ಣು, ಪ್ರಾಣಿ, ಬಣ್ಣಗಳ ಹೆಸರು ಪಟಪಟ ಹೇಳುತ್ತಿದ್ದರು. ಅದು ಎಲ್ಲಿ ಸೋರಿ ಹೋಯಿತು?

ಮಕ್ಕಳು ಹೆಚ್ಚಾಗಿ ಹೋಗುತ್ತಿದ್ದ ಹೈಸ್ಕೂಲಿನ ಮುಖ್ಯಸ್ಥೆ ಒಬ್ಬ ಸಿಸ್ಟರ್. ವಯಸ್ಸಾದವರು, ಗೋವಾದವರೇ. ನನಗೆ ಕೊಂಕಣಿ ಅಷ್ಟಕ್ಕಷ್ಟೇ, ಅವರಿಗೆ ಕನ್ನಡ ಬರುವುದಿಲ್ಲ, ಹಿಂದಿಯಲ್ಲಿ ಮಾತು ನಡೆಯಿತು. ನನ್ನ ಬೇಡಿಕೆ ವಿಚಿತ್ರವಾಗಿತ್ತು: ನನ್ನ ಶಾಲೆ ಮಧ್ಯಾಹ್ನ, ಮುಂಜಾನೆ ನಾನು ಖಾಲಿ, ನಿಮ್ಮ ಐದನೆಯ ತರಗತಿಯಲ್ಲಿ ಕೆಲವು ದಿನ ಮಕ್ಕಳ ಜೊತೆ ಕೂತುಕೊಳ್ಳಬಹುದೇ? ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ತಪಾಸಣೆಗೆ ಬಂದವಳಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಕೊಂಕಣಿಯಲ್ಲಿ "ಫಾಟಲ್ಯಾ ಬಾಂಕಾರ್ ಬಸ್" ಅಂದು ಹಿಂದಿನ ಬೆಂಚಿನ ಕಡೆ ಕೈ ತೋರಿಸುವಂತೆ ಗಾಳಿಯಲ್ಲಿ ಕೈ ಬೀಸಿದರು.

ಹಿಂದಿನ ಬೆಂಚಿನಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಮೊದಲೇ ಕೂತಿದ್ದರು. ನಾನು ಸೀರೆ ಸರಿಮಾಡಿಕೊಂಡು ಅವರ ನಡುವೆ ಮಂಡಿ ಮಡಿಸಿ ಕೂತೆ. ಅವರಿಗೆ ನಾಚಿಕೆ, ನನಗೂ ನಾಚಿಕೆ. ಮುಂದಿನ ಮಕ್ಕಳು ತಿರುಗಿ ನೋಡಿ ನಕ್ಕರು. ಪಾಠ ಮಾಡುವ ಟೀಚರ್ ಚಿಕ್ಕ ವಯಸ್ಸಿನವಳು, ಒಳ್ಳೆಯವಳು, ಬೇಗ ಬೇಗ ಮಾತಾಡುವವಳು.

ಮೊದಲ ದಿನವೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಟೀಚರ್ ಏನೋ ಹೇಳಿದರೆ ಇಡೀ ತರಗತಿ ಪುಟ ತಿರುಗಿಸುತ್ತದೆ, ಅಥವಾ ಗೆರೆ ಎಳೆಯುತ್ತದೆ, ಅಥವಾ ಪುಸ್ತಕ ಮುಚ್ಚುತ್ತದೆ. ನನ್ನ ಇಬ್ಬರು ಮಕ್ಕಳು ಪಕ್ಕದವರನ್ನು ನೋಡಿ ಅದನ್ನೇ ಮಾಡುತ್ತಾರೆ, ಅರ್ಧ ಉಸಿರು ತಡವಾಗಿ. ದಿನವಿಡೀ ಹಾಗೆ. ಪಕ್ಕದವರು ತಪ್ಪಿದರೆ ಇವರೂ ತಪ್ಪುತ್ತಾರೆ. ಪಾಠ ತಿಳಿಯುವ ಮಾತು ದೂರ, ಅವರ ಬುದ್ಧಿಯೆಲ್ಲ ಪಕ್ಕದವರನ್ನು ಕಾಯುವುದಕ್ಕೇ ಖರ್ಚಾಗುತ್ತಿತ್ತು. ನಾನು ಅವರಿಗೆ ಆನೆ, ಒಂಟೆಗಳ ಇಂಗ್ಲಿಷ್ ಹೆಸರು ಕಲಿಸಿದ್ದೆ. ಅಂಡರ್‌ಲೈನ್, ಟರ್ನ್ ಓವರ್, ಕಾಪಿ ಡೌನ್, ಲೀವ್ ಎ ಲೈನ್ ಅನ್ನುವುದನ್ನು ಯಾವತ್ತೂ ಕಲಿಸಿರಲಿಲ್ಲ. ಐದನೆಯ ತರಗತಿಯಲ್ಲಿ ಒಂಟೆ ಬರಲೇ ಇಲ್ಲ.

ಎರಡನೆಯದು ಗಣಿತದಲ್ಲಿ. ಭಾಗಾಕಾರದ ಲೆಕ್ಕ. ನನ್ನ ಪಕ್ಕದ ಹುಡುಗ ಮೂರನೆಯದರಲ್ಲೇ ಅದಕ್ಕಿಂತ ದೊಡ್ಡ ಲೆಕ್ಕ ಬಾಯಲ್ಲಿ ಮಾಡುತ್ತಿದ್ದವನು. ಪ್ರಶ್ನೆ ಕೇಳಿದಾಗ ಸುಮ್ಮನೆ ನಿಂತ. ನಾನು ಮೆಲ್ಲಗೆ, ಹಂಚಿದ ಮ್ಯಾಲ ಎಷ್ಟ ಉಳೀತದ ಅಂತ ಕೇಳಾಕತ್ತಾರ, ಅಂದೆ. ನನ್ನ ಮಾತು ಮುಗಿಯುವ ಮೊದಲೇ ಅವನ ಬಾಯಿಂದ ಉತ್ತರ ಬಂತು, ಕನ್ನಡದಲ್ಲಿ. ತರಗತಿ ನಕ್ಕಿತು. ಅವನು ಕೂತುಬಿಟ್ಟ.

ಮೂರನೆಯದು ನನಗೇ ತಟ್ಟಿತು. ಸಮಾಜ ವಿಷಯದ ಟಿಪ್ಪಣಿಗಳನ್ನು ಟೀಚರ್ ಬಾಯಲ್ಲಿ ಹೇಳಿ ಬರೆಸುತ್ತಿದ್ದಳು. ನಾನೂ ಬರೆಯಲು ಕೂತೆ. ಮೂರನೆಯ ಸಾಲಿಗೆ ಹಿಂದೆ ಬಿದ್ದೆ, ಐದನೆಯ ಸಾಲಿಗೆ ಕೈಬಿಟ್ಟೆ. ಕನ್ನಡ ಮಾಧ್ಯಮದಲ್ಲೇ ಓದಿ ಬಂದವಳು ನಾನು. ಓದಿದರೆ ಅರ್ಥವಾಗುತ್ತದೆ, ಕೇಳಿ ಬರೆಯುವುದು ಬೇರೆಯೇ ವಿದ್ಯೆ. ನನ್ನ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳು ಚಿತ್ರಗಳಾಗಿ ಗೊತ್ತಿದ್ದವು, ದನಿಗಳಾಗಿ ಗೊತ್ತಿರಲಿಲ್ಲ. ಬರೆಯದ ಪುಟಕ್ಕೆ ಬೈಗುಳ, ಬೈಗುಳಕ್ಕೆ ಹೆದರಿ ಗೈರುಹಾಜರಿ, ಗೈರಾದದ್ದಕ್ಕೆ ಮತ್ತೆ ಖಾಲಿ ಪುಟ. ಅಲ್ಲಿಂದ ನಲ್ಲಿಯ ಸಾಲಿಗೆ ದಾರಿ ದೂರವಿರಲಿಲ್ಲ.

ಸ್ವಲ್ಪ ನಿಧಾನ ಹೇಳಬಹುದೇ ಅಂತ ಆ ಟೀಚರನ್ನು ಕೇಳಿದೆ. ಉಳಿದ ಮಕ್ಕಳ ಪಾಠ ಮುಗಿಯಬೇಕಲ್ಲ ಅಂದಳು. ಅದೂ ಖರೇ. ಅವಳ ತಪ್ಪೇನೂ ಇರಲಿಲ್ಲ. ಸೇತುವೆ ನಮ್ಮ ಕಡೆಯಿಂದ ಕಟ್ಟಬೇಕಿತ್ತು.

ದೀಪಾವಳಿ ಇನ್ನೂ ಬಂದಿರಲಿಲ್ಲ. ನಾಲ್ಕನೆಯ ತರಗತಿಯ ಹೊಸ ತಂಡ ನನ್ನ ಮುಂದೆ ಇತ್ತು. ದಿನಕ್ಕೆ ಒಂದು ಅವಧಿ ತೆಗೆದಿಟ್ಟು ಶುರು ಮಾಡಿದೆ. ಮೊದಲು ಅಪ್ಪಣೆಯ ಮಾತುಗಳು. ನಾನು ಇಂಗ್ಲಿಷಿನಲ್ಲಿ ಹೇಳುವುದು, ಮಕ್ಕಳು ಕಣ್ಣು ಮುಚ್ಚಿಕೊಂಡು ಮಾಡುವುದು. ಕಣ್ಣು ಮುಚ್ಚುವುದು ಯಾಕೆಂದರೆ ಪಕ್ಕದವರನ್ನು ನೋಡಬಾರದು. ಆಮೇಲೆ ಗಣಿತ. ಲೆಕ್ಕವನ್ನು ಕನ್ನಡದಲ್ಲೇ ಕಲಿಸಿ, ಮುಗಿದ ಮೇಲೆ ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳುವುದು. ಹೊಸ ಲೆಕ್ಕ ಮಾಡಬೇಕಿಲ್ಲ, ಗೊತ್ತಿರುವ ಲೆಕ್ಕವನ್ನು ಬೇರೆ ಅಂಗಿಯಲ್ಲಿ ಗುರುತು ಹಿಡಿದರೆ ಸಾಕು. ಮೂರನೆಯದು ಕೇಳಿ ಬರೆಯುವುದು, ದಿನಾ ಎರಡೇ ಸಾಲು. ಕೊನೆಗೆ ಒಂದು ವಾಕ್ಯ, ಎದ್ದು ನಿಂತು ಗಟ್ಟಿಯಾಗಿ ಹೇಳುವುದು: ಟೀಚರ್, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್.

ಈ ಕೊನೆಯದು ಎಲ್ಲಕ್ಕಿಂತ ಕಠಿಣವಾಯಿತು. ಶಬ್ದ ಕಠಿಣವಲ್ಲ. ತಿಳಿಯಲಿಲ್ಲ ಅಂತ ದೊಡ್ಡವರ ಮುಖ ನೋಡಿ ಹೇಳುವುದನ್ನು ಆ ಮಕ್ಕಳು ಕನ್ನಡದಲ್ಲೂ ಯಾವತ್ತೂ ಮಾಡಿರಲಿಲ್ಲ.

ಈ ಪಾಠವನ್ನು ಮೊದಲು ದಿನದ ಕೊನೆಯ ಅವಧಿಯಲ್ಲಿ ಇಟ್ಟುಕೊಂಡಿದ್ದೆ. ಸಂಜೆ ನಲ್ಲಿಗೆ ಮತ್ತೆ ನೀರು ಬಿಡುವ ಹೊತ್ತಿಗೆ ಹುಡುಗಿಯರೆಲ್ಲ ಕಿಟಕಿಯ ಹೊರಗೆ ನೋಡಲು ಶುರು ಮಾಡುತ್ತಿದ್ದರು, ಅಷ್ಟರಲ್ಲಿ ತಾಯಂದಿರು ಕರೆಯಲು ಬರುತ್ತಿದ್ದರು. ಮೊದಲ ಅವಧಿಗೆ ತಂದೆ. ಇನ್ನೊಂದು ಎಡವಿದ್ದು ದನಿಗಳಲ್ಲಿ. ಎಲ್ಲರಿಗೂ ಒಟ್ಟಿಗೆ ಇಂಗ್ಲಿಷ್ ದನಿ ಕಲಿಸಲು ಹೋದೆ. ಕೆಲವರು ಓಡಿದರು, ಕೆಲವರು ಅಲ್ಲೇ ನಿಂತರು. ನಿಂತವರು ಯಾರು ಅಂತ ನೋಡಿದರೆ, ಕನ್ನಡವನ್ನೇ ಕೂಡಿಸಿಕೂಡಿಸಿ ಓದುತ್ತಿದ್ದವರು. ಕನ್ನಡದಲ್ಲಿ ಅಕ್ಷರಕ್ಕೂ ದನಿಗೂ ಗಂಟು ಬಿದ್ದವರಿಗೆ ಇಂಗ್ಲಿಷಿನ ಗಂಟು ಬೇಗ ಬೀಳುತ್ತಿತ್ತು. ನಿಂತವರಿಗೆ ಇಂಗ್ಲಿಷ್ ನಿಲ್ಲಿಸಿ ಮತ್ತೆ ಕನ್ನಡ ಓದಿಸಲು ಕೂತೆ. ಆ ವರ್ಷ ನಾನು ಕನ್ನಡ ಕಲಿಸಿದಷ್ಟು ಅದಕ್ಕೆ ಮೊದಲು ಯಾವತ್ತೂ ಕಲಿಸಿರಲಿಲ್ಲ. ಆದರೆ ಇದನ್ನು ಯಾರೂ ನೋಡಲಿಲ್ಲ. ಕನ್ನಡ ಶಾಲೆಯಿಂದ ಇಂಗ್ಲಿಷ್ ಕೇಳಿಸುತ್ತಿದೆ ಅನ್ನುವುದು ಮಾತ್ರ ಊರಿಗೆ ಕೇಳಿಸಿತು.

ಸಮಿತಿಯ ಸಭೆಗೆ ಕರೆ ಬಂತು. ಅಧ್ಯಕ್ಷರು ಧಾರವಾಡದ ಕಡೆಯವರೇ, ದೊಡ್ಡ ಕಚೇರಿಯಲ್ಲಿ ಹುದ್ದೆ. ಶಾಲೆಗಾಗಿ ಓಡಾಡಿದವರು, ಅದರಲ್ಲಿ ಎರಡು ಮಾತಿಲ್ಲ. ಅವರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದರು. ಅದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಲಿಲ್ಲ. ಹೇಳಿದ್ದರೆ ಸಭೆ ಅವರ ಮಕ್ಕಳ ಮೇಲೆ ಹೋಗುತ್ತಿತ್ತು, ನನ್ನ ಮಕ್ಕಳ ಮೇಲೆ ಬರುತ್ತಿರಲಿಲ್ಲ.

ನವೆಂಬರ್‌ನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಪ್ರತಿ ವರ್ಷ ನಮ್ಮ ಶಾಲೆಯ ಮಕ್ಕಳ ಕುಣಿತ, ಹಾಡು ಇರುತ್ತಿತ್ತು. ದಾನಿಗಳು ಶಾಲೆಯನ್ನು ನೋಡುತ್ತಿದ್ದದ್ದೇ ಆ ಒಂದು ದಿನ. ತಿಂಗಳುಗಟ್ಟಲೆ ಮೊದಲ ಅವಧಿಯಲ್ಲಿ ತಾಲೀಮು. ಈ ವರ್ಷ ತಾಲೀಮು ಯಾಕೆ ಶುರುವಾಗಿಲ್ಲ ಅಂತ ಅಧ್ಯಕ್ಷರು ಕೇಳಿದರು. ಆ ಹೊತ್ತು ಬೇರೆ ಪಾಠಕ್ಕೆ ಬೇಕಾಗಿದೆ ಅಂದೆ. ಇಂಗ್ಲಿಷ್ ಪಾಠ ಶಾಲೆ ಬಿಟ್ಟಮೇಲೆ ಇಟ್ಟುಕೊಳ್ಳಿ ಅಂದರು. ನೀರಿನ ಸಮಯದ ಸಂಗತಿ ವಿವರಿಸಿದೆ. ಒಬ್ಬ ಸದಸ್ಯರು ನಕ್ಕರು. ಪರೀಕ್ಷೆಗೆ ಮೊದಲು ಒಂದು ತಿಂಗಳು ಇಂಗ್ಲಿಷ್ ಮಾಡಿದರೆ ಸಾಲದೇ ಅಂತ ಇನ್ನೊಬ್ಬರು ಕೇಳಿದರು. ಸಾಲದು ಅಂದೆ.

ಅಧ್ಯಕ್ಷರು ಸಿಟ್ಟಿನಿಂದ ಅಲ್ಲ, ಬೇಸರದಿಂದ ಹೇಳಿದರು: "ಪರದೇಶದಾಗ ಕನ್ನಡ ಉಳಸಬೇಕಂತ ಈ ಸಾಲಿ ಕಟ್ಟೀವಿ, ಟೀಚರ್. ನಿಮಗ ಇದು ಯಾಕ ಅದ ಅನ್ನೂದ ಮರತ ಹೋದಂಗ ಕಾಣ್ತದ."

"ಇಲ್ರೀ ಸರ್," ಅಂದೆ. "ನಮ್ಮಲ್ಲಿ ನಾಕು ಓದಿದ ಹುಡುಗುರು ಐದರಾಗ ಉಳೀಬೇಕು. ನನಗ ತಿಳಿದಂಗ ಸಾಲಿ ಇರೂದು ಇದಕ್ಕ. ಸಾಲಿ ಬಿಟ್ಟ ಹುಡುಗುರು ಕನ್ನಡಾನೂ ಓದಂಗಿಲ್ರೀ. ಅವರ ಮನ್ಯಾಗ ಹೋಗಿ ನೋಡಿ ಬಂದೇನಿ."

ಚಹ ಬಂತು. ಕೊನೆಗೆ ಆದ ತೀರ್ಮಾನ ಇಷ್ಟು: ಪಾಠದ ವಿಷಯ ಟೀಚರಿಗೆ ಬಿಟ್ಟದ್ದು, ಆದರೆ ಕಾರ್ಯಕ್ರಮ ತಪ್ಪಬಾರದು. ಎರಡೂ ಆಗಲಿ ಅಂತ ಅವರ ಮನಸ್ಸು. ಮೊದಲ ಅವಧಿ ಒಂದೇ ಇತ್ತು. ಕೋಣೆಗೆ ಬಂದು ಅನ್ನಕ್ಕಿಟ್ಟು ಕೂತು ಯೋಚಿಸಿದೆ. ತಾಲೀಮು ಮಾಡಿಸಿದರೆ ಎಲ್ಲರೂ ಸಂತೋಷವಾಗಿರುತ್ತಾರೆ, ಮಕ್ಕಳೂ. ಕುಣಿಯುವುದು ಅವರಿಗೆ ಇಷ್ಟ. ಬಣ್ಣದ ಬಟ್ಟೆ ಹಾಕಿಕೊಂಡು ವೇದಿಕೆ ಹತ್ತಿ ಚಪ್ಪಾಳೆ ತಟ್ಟಿಸಿಕೊಂಡ ಮಕ್ಕಳೇ ಮುಂದಿನ ಸೆಪ್ಟೆಂಬರ್‌ನಲ್ಲಿ ಮನೆಯಲ್ಲಿ ಕೂತಿರುತ್ತಾರೆ ಅನ್ನುವುದು ಒಂದೇ ನನಗೆ ಗೊತ್ತಿದ್ದದ್ದು. ಮರುದಿನ ಅಧ್ಯಕ್ಷರ ಕಚೇರಿಗೆ ಹೋಗಿ, ಈ ವರ್ಷ ನಾಲ್ಕನೆಯ ತರಗತಿ ಕಾರ್ಯಕ್ರಮದಲ್ಲಿ ಇರುವುದಿಲ್ಲ, ಇದು ನನ್ನ ನಿರ್ಧಾರ, ಹೊಣೆಯೂ ನನ್ನದು ಅಂತ ಹೇಳಿ ಬಂದೆ. ಅವರು ಕೂಡ್ರಿ ಅನ್ನಲಿಲ್ಲ.

ಆಮೇಲಿನ ತಿಂಗಳುಗಳನ್ನು ನೆನೆಸಿದರೆ ಮೊದಲು ನೆನಪಾಗುವುದು ಮೌನ. ಸಂಜೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ನಮ್ಮ ಕಡೆಯ ಹೆಣ್ಣುಮಕ್ಕಳು ಕಾಯಿಪಲ್ಲೆಯ ಬುಟ್ಟಿಯ ಕಡೆ ಬಗ್ಗಿಬಿಡುತ್ತಿದ್ದರು. ಹಬ್ಬಕ್ಕೆ ಊಟಕ್ಕೆ ಕರೆಯುತ್ತಿದ್ದ ಎರಡು ಮನೆಗಳು ಆ ವರ್ಷ ಕರೆಯಲಿಲ್ಲ. ರಾಜ್ಯೋತ್ಸವದ ದಿನ ಸಭಾಭವನದ ಧ್ವನಿವರ್ಧಕ ನನ್ನ ಕೋಣೆಗೆ ಕೇಳಿಸುತ್ತಿತ್ತು. ಹೋಗಬಾರದು ಅಂತ ಯಾರೂ ಹೇಳಿರಲಿಲ್ಲ, ಬನ್ನಿ ಅಂತಲೂ ಹೇಳಿರಲಿಲ್ಲ. ಕಿಟಕಿಯ ಮೇಲೆ ದಿನಾ ಕೂರುವ ಬಂದರಿನ ಕಲ್ಲಿದ್ದಲ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಹಾಡುಗಳನ್ನು ಕೇಳಿದೆ. ಆ ಹಾಡುಗಳು ನನಗೂ ಬಾಯಿಪಾಠ. ಹೇಳುತ್ತ ಒರೆಸಿದೆ. ಒಂದು ಹಾಡಿನ ನಡುವೆ ಅಳು ಬಂತು, ಅಷ್ಟೇ.

ಡಿಸೆಂಬರ್‌ನಲ್ಲಿ ಮಾಸ್ತರರು ಕೆಲಸ ಬಿಟ್ಟರು. ಬೆಳಗಾವಿಯ ಹತ್ತಿರ ಒಂದು ಶಾಲೆಯಲ್ಲಿ ಜಾಗ ಸಿಕ್ಕಿತ್ತು. ನಮ್ಮಿಬ್ಬರ ನಡುವೆ ಜಗಳ ಯಾವತ್ತೂ ಆಗಿರಲಿಲ್ಲ. ಹೋಗುವ ದಿನ ಬಾಗಿಲಲ್ಲಿ ನಿಂತು ಹೇಳಿದರು: "ನೀವು ಮಾಡೂದು ತಪ್ಪಲ್ರೀ ಬಾಯಾರ. ಆದ್ರ ನಾ ಇಲ್ಲಿಗೆ ಬಂದದ್ದು ಇದಕ್ಕಲ್ಲ."

ಅವರು ಹಾಡು ಕಟ್ಟುವ ಮನುಷ್ಯ. ಸಣ್ಣ ಮಕ್ಕಳಿಗೆ ಕನ್ನಡದ ರುಚಿ ಹತ್ತಿಸುವುದಕ್ಕೆ ಬಂದಿದ್ದರು, ಹತ್ತಿಸಿದ್ದರು. ಅವರ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಯಾಕೆ ಬಂದಿದ್ದೇನೆ ಅನ್ನುವುದು ಗೊತ್ತಿದ್ದ ಮನುಷ್ಯ ಅಂತ ಗೌರವವೇ ಆಯಿತು. ಅವರ ಬದಲಿಗೆ ಬೇರೆಯವರು ಬರಲಿಲ್ಲ. ಕಾರ್ಯಕ್ರಮ ಕಳೆಗಟ್ಟಿರಲಿಲ್ಲವಂತೆ, ದಾನಿಗಳು ಹಿಂದೆ ಸರಿದಿದ್ದರಂತೆ. ಅದು ನನ್ನ ಕಿವಿಗೆ ಬೀಳುವಂತೆ ಸಮಿತಿಯವರು ನೋಡಿಕೊಂಡರು.

ನಾಲ್ಕು ತರಗತಿ, ನಾನು ಒಬ್ಬಳು. ಎರಡು ಕೋಣೆಯ ನಡುವಿನ ಬಾಗಿಲಲ್ಲಿ ನಿಂತು ಪಾಠ ಮಾಡುವುದನ್ನು ಕಲಿತೆ. ಒಂದು ಕಡೆಯವರು ಬರೆಯುವಾಗ ಇನ್ನೊಂದು ಕಡೆಯವರು ಓದಬೇಕು, ಎರಡೂ ಕಡೆ ಒಮ್ಮೆಗೇ ಬಾಯಿ ತೆರೆಯುವ ಪಾಠ ಇಡಬಾರದು. ನಾಲ್ಕನೆಯ ತರಗತಿಯವರು ಒಂದನೆಯವರಿಗೆ ಓದಿ ಹೇಳಬೇಕು. ಇದರಿಂದ ಒಂದು ಲಾಭವಾಯಿತು: ಕೂಡಿಸಿ ಓದುತ್ತಿದ್ದ ದೊಡ್ಡ ಮಕ್ಕಳು ಸಣ್ಣವರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಮನೆಯಲ್ಲಿ ಓದಿಕೊಂಡು ಬರತೊಡಗಿದರು. ಜನವರಿಯಲ್ಲಿ ಕೆಲವರು ಸುಗ್ಗಿಗೆ ತಂದೆತಾಯಿಯ ಜೊತೆ ಊರಿಗೆ ಹೋದರು. ಬಂದಾಗ ಅರ್ಧ ಮರೆತಿದ್ದರು. ಮತ್ತೆ ಮೊದಲಿನಿಂದ. ನನಗೆ ಗಂಟಲು ಕಟ್ಟಿ ಒಂದು ವಾರ ಮಾತು ನಿಂತೇ ಹೋಯಿತು, ಹಲಗೆಯ ಮೇಲೆ ಬರೆದು ಪಾಠ ನಡೆಸಿದೆ. ಆ ದಿನಗಳಲ್ಲಿ ಧಾರವಾಡದಿಂದ ಅಣ್ಣ ಫೋನು ಮಾಡಿದರೆ ಉತ್ತರ ಕೊಡಲು ದನಿ ಇರುತ್ತಿರಲಿಲ್ಲ. ಅವನು ಬಂದುಬಿಡು ಅನ್ನುತ್ತಿದ್ದ. ನಾನು ಕೆಮ್ಮುತ್ತಿದ್ದೆ.

ಬಿಟ್ಟು ಹೋಗಬೇಕು ಅನಿಸಲಿಲ್ಲವೇ ಅಂತ ಈಗ ಯಾರಾದರೂ ಕೇಳಿದರೆ, ಅನಿಸಿತ್ತು ಅನ್ನುತ್ತೇನೆ, ಹೆಚ್ಚುಕಡಿಮೆ ದಿನಾ. ಆದರೆ ಬೆಳಗಾದರೆ ಇವತ್ತು ಏನು ಮಾಡಬೇಕು ಅನ್ನುವುದರಲ್ಲಿ ಸಂಶಯವೇ ಇರುತ್ತಿರಲಿಲ್ಲ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಜನರ ನಡುವೆ ಇದ್ದೆ, ಪಾಠ ಮುಗಿಸುವುದು, ಹಾಜರಿ, ಕಾರ್ಯಕ್ರಮ ಎಲ್ಲ ಮಾಡುತ್ತಿದ್ದೆ, ಆದರೆ ಯಾವುದು ಮೊದಲು, ಯಾವುದು ಬಿಟ್ಟರೂ ನಡೆದೀತು ಅಂತ ಗೊತ್ತಿರಲಿಲ್ಲ. ಈ ವರ್ಷ ಒಬ್ಬಂಟಿಯಾಗಿದ್ದೆ, ಆದರೆ ಯಾವುದು ಮೊದಲು ಅನ್ನುವುದು ಗೊತ್ತಿತ್ತು. ಆ ತಿಳಿವು ಒಂಟಿತನವನ್ನು ತುಂಬಿಕೊಟ್ಟಿತು ಅಂತ ಹೇಳಲಾರೆ. ಹೊತ್ತುಕೊಂಡು ನಡೆಯುವಷ್ಟು ಹಗುರ ಮಾಡಿತು.

ಜೂನ್‌ನಲ್ಲಿ ಆ ತಂಡ ಹೈಸ್ಕೂಲಿಗೆ ಹೋಯಿತು. ಮೊದಲ ವಾರ ಬಿಟ್ಟು ಒಂದು ಮುಂಜಾನೆ ಸಿಸ್ಟರರ ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕೂತೆ. ನನ್ನನ್ನು ನೋಡಿ ಮಕ್ಕಳು ನಾಚಲಿಲ್ಲ, ಹೆಮ್ಮೆಯಿಂದ ಹಲ್ಲು ಕಿರಿದರು. ಟರ್ನ್ ಓವರ್ ಅಂದರೆ ತಿರುಗಿಸಿದರು. ಪಕ್ಕದವರನ್ನು ನೋಡಲಿಲ್ಲ. ಬರೆಸುವ ಹೊತ್ತು ಬಂತು. ಬಂದರಿನ ಹಮಾಲರೊಬ್ಬರ ಮಗಳು, ನನ್ನ ತರಗತಿಯಲ್ಲಿ ಎಲ್ಲರಿಗಿಂತ ಮೆತ್ತಗೆ ಮಾತಾಡುತ್ತಿದ್ದವಳು, ನಡುವೆ ಪೆನ್ನು ಇಟ್ಟು ಎದ್ದು ನಿಂತಳು. ಮಳೆಯ ಸದ್ದಿನಲ್ಲಿ ಅವಳ ದನಿ ಕೇಳಿಸಲಿಲ್ಲ. ಟೀಚರ್ ಏನು ಅಂತ ಕೇಳಿದಳು. ಹುಡುಗಿ ಬೆಂಚಿನ ಅಂಚು ಹಿಡಿದುಕೊಂಡು, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್ ಅಂತ ಇಡೀ ಕೋಣೆಗೆ ಕೇಳುವಂತೆ ಹೇಳಿದಳು. ಯಾರೂ ನಗಲಿಲ್ಲ. ನನ್ನ ಮುಂದೆ ಕೂತಿದ್ದ ಒಬ್ಬ ಗೋವಾದ ಹುಡುಗ, ಅವನಿಗೂ ತಿಳಿದಿರಲಿಲ್ಲವೋ ಏನೋ, ಮಿ ಟೂ ಅಂದ. ಟೀಚರ್ ಆ ಸಾಲನ್ನು ಇನ್ನೊಮ್ಮೆ, ನಿಧಾನವಾಗಿ ಹೇಳಿದಳು.

ದೀಪಾವಳಿ ದಾಟಿದ ಮೇಲೂ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಉಳಿದಿದ್ದರು. ಅಂಕಗಳು ಹೇಳಿಕೊಳ್ಳುವಂತಿರಲಿಲ್ಲ, ಕೆಲವರು ಎರಡು ವಿಷಯದಲ್ಲಿ ಬಿದ್ದಿದ್ದರು. ಆದರೆ ದಿನಾ ಹೋಗುತ್ತಿದ್ದರು. ಒಬ್ಬ ಹುಡುಗ ಮಾತ್ರ ಹೋಗುವುದನ್ನು ನಿಲ್ಲಿಸಿಬಿಟ್ಟ. ಅವನ ಮನೆಗೆ ಎಷ್ಟೋ ಸಲ ಹೋದೆ. ವೆರ್ಣಾದ ಕಂಪನಿ ಬಸ್ಸು ಹಿಡಿಯಲು ಹೊರಟ ಅವನ ಅಪ್ಪ ಚಪ್ಪಲಿ ಮೆಟ್ಟುತ್ತ, ಅಂವಗ ಮನಸಿಲ್ರೀ ಟೀಚರ್, ಗ್ಯಾರೇಜಿಗೆ ಹಚ್ಚೇನಿ, ಚಲೋ ಅದಾನ, ಅಂದರು. ನಾನು ಮಾಡಿದ್ದರಲ್ಲಿ ಅವನಿಗೆ ಬೇಕಾದದ್ದು ಏನೋ ಇರಲಿಲ್ಲ. ಅದೇನು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಅಧ್ಯಕ್ಷರು ಒಂದು ಮಧ್ಯಾಹ್ನ ಹೇಳದೆ ಕೇಳದೆ ಶಾಲೆಗೆ ಬಂದರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ಪಾಠ ಕೇಳಿದರು. ಆ ಹೊತ್ತಿಗೆ ನಾನು ಮೂರನೆಯ ತರಗತಿಗೆ ಕನ್ನಡದ ಕಥೆ ಓದಿಸುತ್ತಿದ್ದೆ. ಮಕ್ಕಳು ನೀರು ಕುಡಿದಂತೆ ಓದುತ್ತಿದ್ದರು. ಹೋಗುವಾಗ ಹೊರಗೆ ಕರೆದು, ವಿಜಾಪುರದ ಕಡೆಯಿಂದ ಒಬ್ಬ ಟೀಚರ್ ಬರುತ್ತಾಳೆ, ವ್ಯವಸ್ಥೆ ಆಗಿದೆ ಅಂದರು. ಆಮೇಲೆ, "ನಮ್ಮ ಮನ್ಯಾಗಿನ ಹುಡುಗುರಿಗೂ ಕನ್ನಡ ಓದಾಕ ಬರಂಗಿಲ್ರೀ" ಅಂದರು. ರವಿವಾರ ಕಳಸ್ರಿ ಅಂದೆ. ಅವರು ನಕ್ಕು ಹೋದರು. ಮಾರುಕಟ್ಟೆಯ ಹೆಣ್ಣುಮಕ್ಕಳು ಆಮೇಲೂ ಬುಟ್ಟಿಯ ಕಡೆಯೇ ಬಗ್ಗುತ್ತಿದ್ದರು.

ಆ ವಾರವೋ ಮುಂದಿನ ವಾರವೋ, ನಾಲ್ಕನೆಯ ತರಗತಿಯ ಮೊದಲ ಅವಧಿಯಲ್ಲಿ ಬಿಕಾಸ್ ಅನ್ನುವ ಶಬ್ದ ತೆಗೆದುಕೊಂಡಿದ್ದೆ. ಅಪ್ಪಣೆಯ ಮಾತು, ವಸ್ತುಗಳ ಹೆಸರು ಸುಲಭ, ಕಾರಣ ಹೇಳುವುದು ಕಷ್ಟ. ಕನ್ನಡದಲ್ಲಿ ಯಾಕಂದ್ರ ಅಂತ ಮೊದಲು ಹತ್ತಾರು ವಾಕ್ಯ ಮಾಡಿಸಿದೆ, ಆಮೇಲೆ ಇಂಗ್ಲಿಷಿಗೆ ಬಂದೆ. ನಾನು ಹಲಗೆಯ ಮೇಲೆ ಅರ್ಧ ವಾಕ್ಯ ಬರೆದು ಬಿಡುವುದು, ಮಕ್ಕಳು ಪೂರ್ತಿ ಮಾಡುವುದು. ಐ ಕಮ್ ಟು ಸ್ಕೂಲ್ ಬಿಕಾಸ್ ಅಂತ ಬರೆದು ತಿರುಗಿದೆ.

ಗಾರೆ ಕೆಲಸದವರ ಮನೆಯ ಒಬ್ಬ ಹುಡುಗಿ ಎದ್ದು ನಿಂತು, ಶಬ್ದ ಶಬ್ದ ಜೋಡಿಸುತ್ತ ಹೇಳಿದಳು: "ಐ ಕಮ್ ಟು ಸ್ಕೂಲ್ ಬಿಕಾಸ್ ಟೀಚರ್ ಕಮ್."

ನಾನು ಹಲಗೆಯ ಕಡೆ ತಿರುಗಿಕೊಂಡೆ. ಅವಳು ಹೇಳಿದ್ದನ್ನು ಹಾಗೇ ಬರೆದೆ. ಸೀಮೆಸುಣ್ಣ ಒಮ್ಮೆ ಮುರಿಯಿತು. ಆಮೇಲೆ ಮುಖ ಒರೆಸಿಕೊಂಡು, ಟೀಚರ್ ಒಬ್ಬರೇ ಇದ್ದಾರಲ್ಲ, ಹಾಗಾಗಿ ಕಮ್ ಅಲ್ಲ, ಕಮ್ಸ್ ಅನ್ನಬೇಕು ಅಂತ ತಿದ್ದಿದೆ. ಎಲ್ಲರೂ ಒಟ್ಟಿಗೆ ಹೇಳಿದರು.